ದಾಂಡಿಗನೂ ನಿಯಮದ ಮಾತೂ

ಚಿನ್ನಿದಾಂಡು ಆಡಿದವರಿಗೆಲ್ಲ ಗೊತ್ತಿರುವಂತೆ ಆ ಆಟಕ್ಕೆ ಅಚ್ಚಾದ ನಿಯಮಗಳಿಲ್ಲ. ಊರಿಗೊಂದು ರೀತಿ, ಕೇರಿಗೊಂದು ರೂಢಿ. ವ್ಯಾಜ್ಯ ಬಂದಾಗ ಗುಂಪಿನಲ್ಲಿ ಹಿರಿಯನಾದವನು ಹೇಳಿದ್ದೇ ತೀರ್ಪು. ಆಡುವವರೆಲ್ಲ ಒಂದೇ ಕೇರಿಯವರಾಗಿರುವ ತನಕ ಇದರಿಂದ ತೊಂದರೆಯೇನೂ ಇಲ್ಲ. ಆಟವು ಕೇರಿಯನ್ನು ದಾಟಿ, ಒಬ್ಬರನ್ನೊಬ್ಬರು ಅರಿಯದ ಜನರ ನಡುವೆ ನಡೆಯತೊಡಗಿದಾಗ ನಿಯಮವನ್ನು ಬರೆದಿಡಬೇಕಾಗುತ್ತದೆ. ಬರೆದಿಟ್ಟ ಮಾತ್ರಕ್ಕೆ ವ್ಯಾಜ್ಯ ನಿಲ್ಲುವುದಿಲ್ಲ. ಅದರ ರೂಪ ಬದಲಾಗುತ್ತದೆ. ಮೊದಲು ‘ನಿಯಮವೇನು?’ ಎಂದು ಕೇಳುತ್ತಿದ್ದವರು ಈಗ ‘ನಿಯಮದಲ್ಲಿರುವ ಈ ಮಾತಿನ ಅರ್ಥವೇನು?’ ಎಂದು ಕೇಳತೊಡಗುತ್ತಾರೆ. ಅಮೆರಿಕದಲ್ಲಿ ಹುಟ್ಟಿ, ನಮ್ಮ ಶಾಲಾ ಕಾಲೇಜುಗಳ ಮೈದಾನಗಳಿಗೂ ಬಂದಿರುವ ಸಾಫ್ಟ್‌ಬಾಲ್ ಆಟದಲ್ಲಿ ದಾಂಡಿಗನನ್ನು ಕುರಿತ ಕೆಲವು ನಿಯಮಗಳ ಚರಿತ್ರೆಯನ್ನು ಈ ದೃಷ್ಟಿಯಿಂದ ನಿಮ್ಮ ಮುಂದಿಡುವುದು ನನ್ನ ಉದ್ದೇಶ.

ಆಟವನ್ನು ನೋಡದವರಿಗಾಗಿ ನಾಲ್ಕು ಮಾತು. ಸಾಫ್ಟ್‌ಬಾಲ್ ಎಂಬುದು ಬೇಸ್‌ಬಾಲಿನ ತಂಗಿ. ಮೈದಾನದ ಒಂದು ಮೂಲೆಯಲ್ಲಿ ಹೋಂ ಪ್ಲೇಟ್ ಎಂಬ ಬಿಳಿಯ ಫಲಕವನ್ನು ನೆಲಮಟ್ಟಕ್ಕೆ ಹುದುಗಿಸಿರುತ್ತಾರೆ. ಅದರ ಪಕ್ಕದಲ್ಲಿ ಸುಣ್ಣದ ಗೆರೆಗಳಿಂದ ಎಳೆದ, 3 ಅಡಿ ಅಗಲ 7 ಅಡಿ ಉದ್ದದ ಚೌಕದೊಳಗೆ ದಾಂಡಿಗ ನಿಲ್ಲುತ್ತಾನೆ. ಎದುರಿನಿಂದ ಪಿಚರ್ ಎಂಬವನು ತೋಳನ್ನು ಕೆಳಗಿನಿಂದ ಬೀಸಿ ಚೆಂಡೆಸೆಯುತ್ತಾನೆ. ಪ್ಲೇಟಿನ ಹಿಂದೆ ಕ್ಯಾಚರ್, ಅವನ ಬೆನ್ನಿಗೆ ಅಂಪೈರ್. ದಾಂಡಿಗ ಬೀಸಿ ತಪ್ಪಿದರೆ, ಇಲ್ಲವೆ ಹೊಡೆಯಬಹುದಾಗಿದ್ದ ಒಳ್ಳೆಯ ಎಸೆತವನ್ನು ಸುಮ್ಮನೆ ಬಿಟ್ಟರೆ, ಅದು ಒಂದು ಸ್ಟ್ರೈಕ್. ಮೂರು ಸ್ಟ್ರೈಕಿಗೆ ಅವನು ಔಟ್. ಕೆಟ್ಟ ಎಸೆತಕ್ಕೆ ‘ಬಾಲ್’ ಎಂದು ಹೆಸರು. ಅಂಥವು ನಾಲ್ಕಾದರೆ ದಾಂಡಿಗ ಪುಕ್ಕಟೆಯಾಗಿ ಮೊದಲನೆಯ ಬೇಸಿಗೆ ನಡೆಯುತ್ತಾನೆ. ಮೂರು ಬೇಸುಗಳನ್ನು ಕ್ರಮವಾಗಿ ಮುಟ್ಟಿ ಹೋಂ ಪ್ಲೇಟಿಗೆ ಮರಳಿದವನಿಗೆ ಒಂದು ಓಟ. ವೇಗದ ಎಸೆತದ ಆಟ, ನಿಧಾನ ಎಸೆತದ ಆಟ ಎಂದು ಸಾಫ್ಟ್‌ಬಾಲಿನಲ್ಲಿ ಎರಡು ಮುಖ್ಯ ಪ್ರಭೇದಗಳಿವೆ.

ಈ ಆಟ ಹುಟ್ಟಿದ್ದು ಮೈದಾನದಲ್ಲಲ್ಲ, ನಾಲ್ಕು ಗೋಡೆಗಳ ನಡುವೆ. 1887ರ ನವೆಂಬರ್ ತಿಂಗಳಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಶಿಕಾಗೋ ನಗರದ ಫರಾಗಟ್ ಬೋಟ್ ಕ್ಲಬ್ಬಿನಲ್ಲಿ ಕೆಲವರು ಹಾರ್ವರ್ಡ್ ಮತ್ತು ಯೇಲ್ ವಿದ್ಯಾಲಯಗಳ ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕಾಗಿ ಕಾಯುತ್ತಿದ್ದರು. ಯೇಲ್ ಗೆದ್ದ ಸುದ್ದಿ ಬಂದಾಗ ಒಬ್ಬನು ಅಲ್ಲಿ ಬಿದ್ದಿದ್ದ ಮುಷ್ಟಿಯುದ್ಧದ ಗವಸೊಂದನ್ನು ಎಸೆದನಂತೆ. ಇನ್ನೊಬ್ಬನು ಕೋಲಿನಿಂದ ಅದನ್ನು ಬಾರಿಸಿದನಂತೆ. ಅಲ್ಲಿದ್ದ ಜಾರ್ಜ್ ಹ್ಯಾನ್‌ಕಾಕ್ ಎಂಬಾತ ಆ ಗವಸನ್ನೇ ದಾರದಿಂದ ಬಿಗಿದು ಚೆಂಡು ಮಾಡಿ, ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಆಟ ಹೂಡಿದ. 1889ರಲ್ಲಿ ನಿಯಮಗಳು ಅಚ್ಚಾದವು. 1895ರಲ್ಲಿ ಮಿನಿಯಾಪೊಲಿಸ್ ನಗರದ ಅಗ್ನಿಶಾಮಕ ದಳದ ಲೂಯಿಸ್ ರೋಬರ್, ತನ್ನ ಜನರಿಗೆ ವ್ಯಾಯಾಮವಾಗಲೆಂದು ಇಂಥದೇ ಆಟವನ್ನು ಬಯಲಿನಲ್ಲಿ ಆಡಿಸಿದ. ಮುಂದಿನ ಕೆಲವು ದಶಕಗಳಲ್ಲಿ ಇದಕ್ಕೆ ‘ಕಿಟನ್ ಬಾಲ್’, ‘ಡೈಮಂಡ್ ಬಾಲ್’, ‘ಮಷ್ ಬಾಲ್’ ಎಂದು ಊರಿಗೊಂದು ಹೆಸರು. ಹೆಸರಿನಂತೆಯೇ ನಿಯಮವೂ ಊರಿಗೊಂದು. ಸಾಫ್ಟ್‌ಬಾಲ್ ಎಂಬ ಹೆಸರನ್ನು 1926ರಲ್ಲಿ ಸೂಚಿಸಿದವನು ವೈ.ಎಂ.ಸಿ.ಎ.ಯ ವಾಲ್ಟರ್ ಹಾಕನ್‌ಸನ್. 1933ರಲ್ಲಿ ಶಿಕಾಗೋದ ವಿಶ್ವ ವಸ್ತುಪ್ರದರ್ಶನದ ಸಂದರ್ಭದಲ್ಲಿ ದೇಶದ ನಾನಾ ಕಡೆಯ ತಂಡಗಳು ಒಂದೆಡೆ ಸೇರಿ ಆಡಿದವು. ಅಮೆರಿಕದ ಹವ್ಯಾಸಿ ಸಾಫ್ಟ್‌ಬಾಲ್ ಸಂಘವು ಹುಟ್ಟಿದ್ದು ಅದೇ ವರ್ಷ. ಮರುವರ್ಷ ಎಲ್ಲರಿಗೂ ಒಪ್ಪುವ ಒಂದೇ ನಿಯಮಾವಳಿಗಾಗಿ ಜಂಟಿ ಸಮಿತಿಯೊಂದು ಏರ್ಪಟ್ಟಿತು.

ಸಮಿತಿಯವರು ಹೊಸ ಮನೆ ಕಟ್ಟಿದರೂ ತೊಲೆ ಕಂಬಗಳನ್ನು ತಂದದ್ದು ಬೇಸ್‌ಬಾಲಿನ ಹಳೆಯ ಮನೆಯಿಂದ. ಆದಕಾರಣ ಸಾಫ್ಟ್‌ಬಾಲಿನ ದಾಂಡಿಗನು ಇಂದು ಎದುರಿಸುವ ಸಂದಿಗ್ಧಗಳಲ್ಲಿ ಹಲವು, ಅವನ ಮುತ್ತಜ್ಜನ ಕಾಲದಲ್ಲಿ ಬರೆದ ಮಾತುಗಳಿಂದ ಬಂದವು. ಒಂದು ಉದಾಹರಣೆ ನೋಡಿ. 1845ರಲ್ಲಿ ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ಬು ಬರೆದಿಟ್ಟ ನಿಯಮಗಳಲ್ಲಿ ಹೀಗೊಂದು ವಿಧಿಯಿದೆ: ದಾಂಡಿಗನು ಮೂರು ಸಲ ಬೀಸಿ ತಪ್ಪಿ, ಮೂರನೆಯ ಚೆಂಡನ್ನು ಎದುರಾಳಿ ಹಿಡಿದರೆ ಅವನು ಔಟ್, ಹಿಡಿಯದಿದ್ದರೆ ಆ ಚೆಂಡನ್ನು ಹೊಡೆದ ಚೆಂಡೆಂದೇ ತಿಳಿದು ಅವನು ಓಡತಕ್ಕದ್ದು. ಇಂದಿನ ಓದುಗನಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಮೂರು ಸಲ ಸೋತವನಿಗೆ ಓಡುವ ಹಕ್ಕೇಕೆ? ಆ ಕಾಲದ ಆಟವನ್ನು ನೆನೆದರೆ ಉತ್ತರ ಸಿಗುತ್ತದೆ. ಆಗಿನ್ನೂ ಅಂಪೈರ್ ಸ್ಟ್ರೈಕ್ ಕೂಗುವ ಪದ್ಧತಿ ಬಂದಿರಲಿಲ್ಲ. ಆಟದ ಜೀವವೆಲ್ಲ ಹೊಡೆಯುವುದರಲ್ಲಿ, ಹಿಡಿಯುವುದರಲ್ಲಿ, ಓಡುವುದರಲ್ಲಿ ಇತ್ತು. ಮೂರು ಅವಕಾಶ ಮುಗಿದ ಮೇಲೂ ದಾಂಡಿಗ ಅಲ್ಲೇ ನಿಂತಿರುವುದು ಬೇಡ, ಆಟ ಮುಂದೆ ಸಾಗಲಿ ಎಂಬುದೇ ಆ ವಿಧಿಯ ಆಶಯ.

ಬರೆದವರ ಆಶಯ ಹೀಗಿದ್ದರೆ ಆಡಿದವರ ಬುದ್ಧಿ ಬೇರೆ ದಾರಿ ಹಿಡಿಯಿತು. ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎಂಬ ಗಾದೆ ನಮ್ಮಲ್ಲಿದೆಯಲ್ಲವೆ? ಬೇಸುಗಳಲ್ಲೆಲ್ಲ ಓಟಗಾರರು ತುಂಬಿರುವಾಗ ಚಾಣಾಕ್ಷ ಕ್ಯಾಚರನು ಮೂರನೆಯ ಚೆಂಡನ್ನು ಬೇಕೆಂದೇ ಕೈಬಿಡತೊಡಗಿದ. ಚೆಂಡು ಬಿದ್ದೊಡನೆ ದಾಂಡಿಗ ಓಡಲೇಬೇಕು. ಅವನಿಗೆ ಎಡೆ ಮಾಡಲು ಉಳಿದವರೂ ಓಡಲೇಬೇಕು. ಕ್ಯಾಚರ್ ಚೆಂಡನ್ನೆತ್ತಿಕೊಂಡು ಒಬ್ಬನ ಬದಲು ಇಬ್ಬರನ್ನು ಔಟ್ ಮಾಡಬಹುದು. ದಾಂಡಿಗನಿಗೆ ತೋರಿದ ದಯೆ ಅವನ ಕಡೆಯವರಿಗೇ ಉರುಳಾಯಿತು. ಆಗ ನಿಯಮಕ್ಕೆ ತೇಪೆ ಬಿತ್ತು: ಮೊದಲನೆಯ ಬೇಸಿನಲ್ಲಿ ಓಟಗಾರನಿದ್ದು, ಔಟಾದವರ ಸಂಖ್ಯೆ ಎರಡಕ್ಕಿಂತ ಕಡಿಮೆ ಇದ್ದರೆ, ಚೆಂಡನ್ನು ಹಿಡಿಯಲಿ ಬಿಡಲಿ ದಾಂಡಿಗ ಔಟ್. ವೇಗದ ಎಸೆತದ ಸಾಫ್ಟ್‌ಬಾಲು ಈ ವಿಧಿಯನ್ನು ತೇಪೆಸಹಿತವಾಗಿ ಉಳಿಸಿಕೊಂಡಿದೆ. ನಿಧಾನ ಎಸೆತದ ಆಟ ಅದನ್ನು ಕೈಬಿಟ್ಟು, ಮೂರನೆಯ ಸ್ಟ್ರೈಕಿಗೆ ದಾಂಡಿಗ ಔಟ್ ಎಂದು ನೇರವಾಗಿ ಹೇಳಿತು.

ತೇಪೆ ಹಾಕಿದರೂ ‘ಹಿಡಿಯುವುದು’ ಎಂಬ ಮಾತು ಹಾಗೆಯೇ ಉಳಿಯಿತು. 1845ರಲ್ಲಿ ಹೊಡೆದ ಚೆಂಡು ನೆಲಕ್ಕೆ ಒಮ್ಮೆ ಬಡಿದು ಪುಟಿದಾಗ ಹಿಡಿದರೂ ಹಿಡಿದ ಲೆಕ್ಕವೇ. ಇಂದು ನೆಲ ಸೋಕಿದರೆ ಹಿಡಿದಂತಲ್ಲ. 2005ರ ಅಕ್ಟೋಬರ್ 12ರಂದು ಶಿಕಾಗೋದಲ್ಲಿ ನಡೆದ ಬೇಸ್‌ಬಾಲ್ ಪಂದ್ಯದ ಕೊನೆಯ ಘಟ್ಟದಲ್ಲಿ ಪಿಯರ್‌ಜಿನ್‌ಸ್ಕಿ ಎಂಬ ದಾಂಡಿಗ ಮೂರನೆಯ ಸಲ ಬೀಸಿ ತಪ್ಪಿದ. ಚೆಂಡನ್ನು ಹಿಡಿದೆನೆಂದು ನಂಬಿದ ಕ್ಯಾಚರ್ ಅದನ್ನು ಮೈದಾನದ ನಡುವಿಗೆ ಉರುಳಿಸಿ ಹೊರಟ. ಚೆಂಡು ನೆಲ ಸೋಕಿತೆಂದು ಅಂಪೈರ್ ಭಾವಿಸಿದ್ದ. ದಾಂಡಿಗ ಮೊದಲನೆಯ ಬೇಸಿಗೆ ಓಡಿದ. ಅವನ ತಂಡ ಆ ಪಂದ್ಯವನ್ನೂ ಮುಂದೆ ಆ ವರ್ಷದ ಅತಿ ದೊಡ್ಡ ಸರಣಿಯನ್ನೂ ಗೆದ್ದಿತು. 160 ವರ್ಷದ ಹಿಂದಿನ ಒಂದು ಕ್ರಿಯಾಪದ ಇಷ್ಟು ದೂರ ಬಂದು ಫಲ ಕೊಟ್ಟಿತು.

ಎರಡನೆಯ ಸಂದಿಗ್ಧ ‘ಒಳ್ಳೆಯ ಎಸೆತ’ವನ್ನು ಕುರಿತದ್ದು. ಎಸೆತ ಒಳ್ಳೆಯದಾಗಿದ್ದೂ ಬೀಸದೆ ನಿಂತವನಿಗೆ ಸ್ಟ್ರೈಕ್ ಕೂಗುವ ಅಧಿಕಾರ ಬೇಸ್‌ಬಾಲಿನ ಅಂಪೈರನಿಗೆ ಬಂದದ್ದು 1858ರಲ್ಲಿ. ಒಳ್ಳೆಯದೆಂದರೆ ಯಾರಿಗೆ ಒಳ್ಳೆಯದು? ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಾಂಡಿಗನೇ ತನಗೆ ಎತ್ತರದ ಎಸೆತ ಬೇಕೋ ತಗ್ಗಿನದು ಬೇಕೋ ಎಂದು ಕೇಳುವ ಪದ್ಧತಿಯೂ ಕೆಲಕಾಲ ಇತ್ತು. ಅದು ರದ್ದಾದದ್ದು 1887ರಲ್ಲಿ, ಅಂದರೆ ಹ್ಯಾನ್‌ಕಾಕ್ ಗವಸಿನಿಂದ ಚೆಂಡು ಮಾಡಿದ ವರ್ಷದಲ್ಲೇ. ಅಲ್ಲಿಂದಾಚೆಗೆ ಒಳ್ಳೆಯ ಎಸೆತದ ಅಳತೆಗೋಲು ದಾಂಡಿಗನ ಬಾಯಿಯಿಂದ ಅವನ ಮೈಗೆ ವರ್ಗವಾಯಿತು. ವೇಗದ ಎಸೆತದ ಸಾಫ್ಟ್‌ಬಾಲಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ ವ್ಯಾಖ್ಯೆಯ ಪ್ರಕಾರ, ದಾಂಡಿಗನು ಸಹಜ ಭಂಗಿಯಲ್ಲಿ ನಿಂತಾಗ ಕಂಕುಳಿನಿಂದ ಮೊಣಕಾಲಿನ ಮೇಲಂಚಿನವರೆಗೆ, ಪ್ಲೇಟಿನ ಮೇಲೆ ಹಾಯುವ ಚೆಂಡು ಸ್ಟ್ರೈಕ್.

ಇಲ್ಲಿ ‘ಸಹಜ’ ಎಂಬ ಮಾತು ಗಮನಿಸತಕ್ಕದ್ದು. ಕುಳ್ಳನಾಗಿ ಕುಗ್ಗಿ ನಿಂತು, ಪಿಚರನಿಗೆ ಗುರಿಯೇ ಇಲ್ಲದಂತೆ ಮಾಡುವವನನ್ನು ತಡೆಯಲು ಆ ಮಾತು ಸೇರಿತು. ಆದರೆ ಸಹಜವಾಗಿಯೇ ಕುಳ್ಳನಾದವನು ಬಂದರೆ? 1951ರ ಆಗಸ್ಟ್ 19ರಂದು ಸೇಂಟ್ ಲೂಯಿಸ್ ಬ್ರೌನ್ಸ್ ತಂಡದ ಒಡೆಯ ಬಿಲ್ ವೆಕ್ ಎಂಬಾತ ಬೇಸ್‌ಬಾಲ್ ಪಂದ್ಯವೊಂದರಲ್ಲಿ 3 ಅಡಿ 7 ಅಂಗುಲ ಎತ್ತರದ ಎಡ್ಡಿ ಗೇಡೆಲ್‌ನನ್ನು ದಾಂಡಿಗನಾಗಿ ಇಳಿಸಿದ. ಅಂಪೈರ್ ಕೇಳಿದಾಗ ತಂಡದವರು ಕ್ರಮಬದ್ಧವಾದ ಕರಾರುಪತ್ರ ತೋರಿಸಿದರು. ಎದುರಾಳಿ ಪಿಚರನ ನಾಲ್ಕು ಎಸೆತಗಳೂ ಎತ್ತರವಾಗಿ ಹೋದವು. ಗೇಡೆಲ್ ಮೊದಲನೆಯ ಬೇಸಿಗೆ ನಡೆದ. ನಿಯಮದ ಒಂದಕ್ಷರವೂ ಮುರಿದಿರಲಿಲ್ಲ. ಮರುದಿನ ಲೀಗಿನ ಅಧ್ಯಕ್ಷರು ಕರಾರನ್ನೇ ತಳ್ಳಿಹಾಕಿದರು. ಜನ ಈ ಪ್ರಸಂಗವನ್ನು ಇಂದಿಗೂ ನಗೆಯ ಕಥೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಒಂದು ಮುಳ್ಳೂ ಕಾಣುತ್ತದೆ. ವೆಕ್ ಮಾಡಿದ್ದು ಕುಚೇಷ್ಟೆಯೇ ಇರಬಹುದು. ಆದರೆ ಒಬ್ಬ ಮನುಷ್ಯನ ಮೈಯನ್ನೇ ಅಳತೆಗೋಲಾಗಿ ಮಾಡಿದ ನಿಯಮವು, ಆ ಮೈ ತಾನೆಣಿಸಿದಂತಿಲ್ಲ ಎಂದು ಕಂಡಾಗ, ಮನುಷ್ಯನನ್ನೇ ಹೊರಗೆ ಹಾಕಿತು.

ಈಗ ಸಾಫ್ಟ್‌ಬಾಲಿಗೇ ವಿಶಿಷ್ಟವಾದ ತೊಡಕುಗಳಿಗೆ ಬರೋಣ. ‘ಬೀಸುವುದು’ ಎಂದರೇನು? ದಾಂಡಿಗನು ಹೊಡೆಯಲು ಹೊರಟು, ನಡುವೆ ಮನಸ್ಸು ಬದಲಿಸಿ ಬ್ಯಾಟನ್ನು ತಡೆದುಕೊಂಡರೆ ಅದು ಬೀಸಿದಂತೆಯೋ ಅಲ್ಲವೋ? ಮೂಲ ನಿಯಮ ‘ಹೊಡೆಯಲು ಯತ್ನಿಸಿ ತಪ್ಪಿದರೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಯತ್ನವೆಂಬುದು ಮನಸ್ಸಿನೊಳಗಿನ ಸಂಗತಿ. ಅಂಪೈರನಿಗೆ ಕಾಣುವುದು ಕೈಯ ಚಲನೆ ಮಾತ್ರ. ಆದುದರಿಂದ ಅಮೆರಿಕದ ಸಾಫ್ಟ್‌ಬಾಲ್ ಸಂಘವು ಅಂಪೈರುಗಳಿಗೆ ಕೆಲವು ಪ್ರಶ್ನೆಗಳನ್ನು ಬರೆದುಕೊಟ್ಟಿತು: ಮಣಿಕಟ್ಟು ಹೊರಳಿತೆ? ಬ್ಯಾಟು ಮೈಯಿಂದ ಮುಂದಕ್ಕೆ ಬಂತೆ? ಚೆಂಡಿನ ಹಾದಿಯನ್ನು ದಾಟಿದ ಮೇಲೆ ಹಿಂದಕ್ಕೆ ಬಂತೆ? ಹೊಡೆಯುವ ಯತ್ನವಿತ್ತೆ? ಕೊನೆಯ ಪ್ರಶ್ನೆಯಲ್ಲಿ ನಾವು ಹೊರಟಲ್ಲಿಗೇ ಮರಳಿ ಬಂದೆವು. ಮೊದಲ ಮೂರು ಪ್ರಶ್ನೆಗಳಿಂದ ಪ್ರಯೋಜನವಿಲ್ಲವೆಂದಲ್ಲ. ತೀರ್ಪು ಕೊಡುವವನು ಯಾವ ಕುರುಹುಗಳನ್ನು ನೋಡುತ್ತಾನೆಂಬುದು ಅವುಗಳಿಂದ ಆಟಗಾರನಿಗೆ ಮುಂಚಿತವಾಗಿ ತಿಳಿಯುತ್ತದೆ.

ಇದರ ನೆರೆಯಲ್ಲೇ ಇನ್ನೊಂದು ಮಾತಿದೆ: ‘ಬಂಟ್’. ಬ್ಯಾಟನ್ನು ಬೀಸದೆ ಚೆಂಡಿನ ದಾರಿಗೆ ಅಡ್ಡ ಹಿಡಿದು, ಬೇಕೆಂದು ಮೆಲ್ಲಗೆ ತಟ್ಟುವುದಕ್ಕೆ ಆ ಹೆಸರು. ಎರಡು ಸ್ಟ್ರೈಕಾದ ಮೇಲೆ ಸಾಮಾನ್ಯ ಹೊಡೆತವೊಂದು ಗೆರೆಯಾಚೆ ಫೌಲ್ ಹೋದರೆ ವೇಗದ ಎಸೆತದ ಆಟದಲ್ಲಿ ದಾಂಡಿಗನಿಗೆ ನಷ್ಟವಿಲ್ಲ. ಬಂಟ್ ಮಾಡಿದ ಚೆಂಡು ಫೌಲ್ ಹೋದರೆ ಅವನು ಔಟ್. ಇದಕ್ಕೆ ಕಾರಣವುಂಟು. ನಿಪುಣನಾದವನು ಒಳ್ಳೆಯ ಎಸೆತಗಳನ್ನೆಲ್ಲ ಮೆಲ್ಲಗೆ ಆಚೆಗೆ ತಟ್ಟುತ್ತ ಪಿಚರನನ್ನು ದಣಿಸಿಬಿಡಬಲ್ಲ. ಬೇಸ್‌ಬಾಲಿನಲ್ಲಿ ಈ ಕಾಟ ಹೆಚ್ಚಾದಾಗ 1894ರಲ್ಲಿ ಫೌಲಾದ ಬಂಟನ್ನು ಸ್ಟ್ರೈಕೆಂದು ಎಣಿಸತೊಡಗಿದರು. ಸಾಫ್ಟ್‌ಬಾಲಿನಲ್ಲಿ ಮುಂದೆ ಹೊಸದೊಂದು ಕೌಶಲ ಬೆಳೆಯಿತು. ಎಡಗೈಯ ಆಟಗಾರ್ತಿಯರು ಚೌಕದೊಳಗೇ ಪಿಚರಳ ಕಡೆಗೆ ಓಡುತ್ತ, ಬ್ಯಾಟನ್ನು ಅರ್ಧ ಬೀಸಿ ಚೆಂಡನ್ನು ತಟ್ಟಿ, ಅದೇ ವೇಗದಲ್ಲಿ ಬೇಸಿಗೆ ಧಾವಿಸುವರು. ಇದಕ್ಕೆ ‘ಸ್ಲ್ಯಾಪ್’ ಎಂದು ಹೆಸರು. ಅದು ಬೀಸಿದ್ದೋ, ಬಂಟೋ? ಎರಡು ಸ್ಟ್ರೈಕಾದ ಮೇಲೆ ಆ ಚೆಂಡು ಫೌಲ್ ಹೋದರೆ, ಆಟಗಾರ್ತಿ ಉಳಿಯುವುದೋ ಹೋಗುವುದೋ ಆ ಒಂದು ಪದದ ಮೇಲೆ ನಿಂತಿದೆ. ಪದಕೋಶ ನೋಡಿದರೆ ಇತ್ಯರ್ಥವಾಗದು. ನಿಯಮವು ತಡೆಯಹೊರಟದ್ದು ಚೆಂಡನ್ನು ಸುಮ್ಮನೆ ಕೆಡಿಸುವ ಆಟವನ್ನು. ಬ್ಯಾಟು ನಿಜವಾಗಿ ಚಲಿಸಿ, ಮೈ ಬೇಸಿನ ಕಡೆಗೆ ಹೊರಟಿದ್ದರೆ ಅಲ್ಲಿ ಕೆಡಿಸುವ ಉದ್ದೇಶ ಎಲ್ಲಿಂದ ಬರಬೇಕು?

ಹೀಗೆ ಓಡುತ್ತ ಹೊಡೆಯುವವರ ಕಾಲಿನ ಕೆಳಗೆ ಮತ್ತೊಂದು ಸಂದಿಗ್ಧ ಕಾದಿರುತ್ತದೆ. ಚೆಂಡು ಬ್ಯಾಟಿಗೆ ತಾಗುವ ಕ್ಷಣದಲ್ಲಿ ‘ಇಡೀ ಪಾದವು ಚೌಕದ ಗೆರೆಗಳಿಂದ ಪೂರ್ತಿ ಹೊರಗೆ ನೆಲವನ್ನು ಮುಟ್ಟುತ್ತಿದ್ದರೆ’ ದಾಂಡಿಗ ಔಟ್ ಎಂಬುದು ಸಂಘದ ನಿಯಮದ ತಾತ್ಪರ್ಯ. ಗೆರೆ ಚೌಕಕ್ಕೆ ಸೇರಿದ್ದು. ಹಿಮ್ಮಡಿ ಗೆರೆಯ ಮೇಲಿದ್ದರೂ ಸಾಕು. ಪಾದ ಗಾಳಿಯಲ್ಲಿದ್ದರೆ ನೆಲವನ್ನು ಮುಟ್ಟಿಲ್ಲ, ಅದಕ್ಕೂ ತಪ್ಪಿಲ್ಲ. ಆದರೆ ಹಿಮ್ಮಡಿ ಮೇಲೆದ್ದು, ಬೆರಳುಗಳು ಮಾತ್ರ ಗೆರೆಯ ಹೊರಗೆ ನೆಲ ಮುಟ್ಟಿದ್ದರೆ? ‘ಇಡೀ ಪಾದ ನೆಲ ಮುಟ್ಟಿರಬೇಕು’ ಎಂದು ಓದಿದರೆ ಆಟಗಾರ್ತಿ ಉಳಿದಳು. ‘ಪಾದದ ನೆಲ ಮುಟ್ಟಿದ ಭಾಗವೆಲ್ಲ ಹೊರಗಿದೆ’ ಎಂದು ಓದಿದರೆ ಔಟಾದಳು. ‘ಇಡೀ’ ಎಂಬ ವಿಶೇಷಣವನ್ನು ಮುಟ್ಟುವುದಕ್ಕೆ ಅಂಟಿಸಬೇಕೋ, ಹೊರಗಿರುವುದಕ್ಕೆ ಅಂಟಿಸಬೇಕೋ ಎಂಬುದು ವೈಯಾಕರಣರ ಪ್ರಶ್ನೆ. ಅದನ್ನು ಬಿಡಿಸಬೇಕಾದವನು ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಚೆಂಡನ್ನೂ ಪಾದವನ್ನೂ ಏಕಕಾಲಕ್ಕೆ ನೋಡಬೇಕಾದ ಅಂಪೈರು. ಸಾಲದೆಂಬಂತೆ ಆಟ ನಾಲ್ಕು ಸುತ್ತು ನಡೆಯುವಷ್ಟರಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ ಸುಣ್ಣದ ಗೆರೆಯೇ ಅಳಿಸಿಹೋಗಿರುತ್ತದೆ. ಇಂಥಲ್ಲಿ ಸಂದೇಹದ ಲಾಭ ದಾಂಡಿಗನಿಗೆ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ಔಟ್ ಎಂಬುದು ಒಂದು ದಂಡನೆ. ಎರಡು ಅರ್ಥ ಕೊಡುವ ಮಾತಿನಿಂದ ಒಬ್ಬರನ್ನು ದಂಡಿಸಹೊರಟಾಗ ಕಡಿಮೆ ದಂಡನೆಯ ಅರ್ಥವನ್ನು ಆರಿಸುವುದು ನ್ಯಾಯ.

ಹಾಗಾದರೆ ಆಶಯವನ್ನೇ ಹಿಡಿದು ನಡೆದರೆ ಎಲ್ಲ ಸರಿಹೋಗುತ್ತದೆಯೆ? ಬೇಸ್‌ಬಾಲಿನ ಎರಡು ಪ್ರಸಂಗಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ. ಮೊದಲನೆಯದು 1983ರ ಜುಲೈ 24ರಂದು ನ್ಯೂಯಾರ್ಕಿನಲ್ಲಿ ನಡೆದದ್ದು. ಕೊನೆಯ ಸರದಿಯಲ್ಲಿ ಕ್ಯಾನ್ಸಸ್ ಸಿಟಿಯ ಜಾರ್ಜ್ ಬ್ರೆಟ್ ಹೊಡೆದ ಚೆಂಡು ಮೈದಾನದಾಚೆ ಹೋಗಿ ಅವನ ತಂಡ 5–4ರಿಂದ ಮುಂದಾಯಿತು. ಎದುರು ತಂಡದ ಬಿಲ್ಲಿ ಮಾರ್ಟಿನ್ ಅಂಪೈರನ ಬಳಿ ಬಂದು, ಬ್ರೆಟ್ಟನ ಬ್ಯಾಟನ್ನು ಪರೀಕ್ಷಿಸಬೇಕೆಂದ. ಹಿಡಿತಕ್ಕಾಗಿ ಬಳಿಯುವ ಪೈನ್ ಮರದ ರಾಳವು ಹಿಡಿಯ ತುದಿಯಿಂದ 18 ಅಂಗುಲ ದಾಟಬಾರದೆಂದು ನಿಯಮ. ಅಂಪೈರು ಬ್ಯಾಟನ್ನು 17 ಅಂಗುಲ ಅಗಲದ ಹೋಂ ಪ್ಲೇಟಿನ ಮೇಲಿಟ್ಟು ಅಳೆದ. ರಾಳ ಮಿತಿಯನ್ನು ಮೀರಿತ್ತು. ಒಂದು ವಿಧಿ ಅಂಥ ಬ್ಯಾಟನ್ನು ಆಟದಿಂದ ತೆಗೆಯಬೇಕೆಂದು ಹೇಳುತ್ತಿತ್ತು. ಮತ್ತೊಂದು ವಿಧಿ, ನಿಯಮಕ್ಕೊಪ್ಪದ ಬ್ಯಾಟಿನಿಂದ ಹೊಡೆದವನು ಔಟ್ ಎನ್ನುತ್ತಿತ್ತು. ಎರಡನ್ನೂ ಜೋಡಿಸಿ ಓದಿದ ಅಂಪೈರು ಬ್ರೆಟ್ ಔಟ್ ಎಂದ, ಪಂದ್ಯ ಮುಗಿಯಿತು. ದೂರು ಲೀಗಿನ ಅಧ್ಯಕ್ಷ ಲೀ ಮ್ಯಾಕ್‌ಫೇಲ್ ಅವರ ಮುಂದೆ ಬಂತು. ರಾಳದ ಮಿತಿ ಹುಟ್ಟಿದ್ದು ಚೆಂಡು ಕೊಳೆಯಾಗದಿರಲೆಂದು. ಅದರಿಂದ ಹೊಡೆತಕ್ಕೆ ಬಲ ಬರುವುದಿಲ್ಲ. ಆದಕಾರಣ ಬ್ಯಾಟನ್ನು ತೆಗೆಯಬೇಕಾಗಿತ್ತೇ ಹೊರತು ಓಟವನ್ನು ಕಿತ್ತುಕೊಳ್ಳಬಾರದಿತ್ತು ಎಂಬುದು ಅವರ ತೀರ್ಪಿನ ಸಾರ. ಪಂದ್ಯವನ್ನು ಆ ಘಟ್ಟದಿಂದಲೇ ಆಗಸ್ಟ್ 18ರಂದು ಮುಂದುವರಿಸಿದರು. ಬ್ರೆಟ್ಟನ ತಂಡ ಗೆದ್ದಿತು. ಬಳಿಕ ನಿಯಮಪುಸ್ತಕದಲ್ಲೂ ಅದನ್ನು ಸ್ಪಷ್ಟಪಡಿಸಿದರು.

ಎರಡನೆಯದು 2012ರ ಅಕ್ಟೋಬರ್ 5ರಂದು ಅಟ್ಲಾಂಟದಲ್ಲಿ ನಡೆದದ್ದು. ಸಾಫ್ಟ್‌ಬಾಲಿನಲ್ಲೂ ಇರುವ ವಿಧಿಯೊಂದರ ಪ್ರಕಾರ, ಮೊದಲೆರಡು ಬೇಸುಗಳಲ್ಲಿ ಓಟಗಾರರಿದ್ದು ಇಬ್ಬರು ಔಟಾಗದಿರುವಾಗ, ಒಳಮೈದಾನದ ಆಟಗಾರನು ‘ಸಾಮಾನ್ಯ ಪ್ರಯತ್ನ’ದಿಂದ ಹಿಡಿಯಬಲ್ಲ ಎತ್ತರದ ಹೊಡೆತಕ್ಕೆ, ಅದನ್ನು ಹಿಡಿಯಲಿ ಬಿಡಲಿ, ದಾಂಡಿಗ ಔಟ್. ಬೇಕೆಂದೇ ಚೆಂಡು ಬಿಟ್ಟು ಓಟಗಾರರನ್ನು ವಂಚಿಸುವ ಹಳೆಯ ತಂತ್ರಕ್ಕೆ 1890ರ ದಶಕದಲ್ಲಿ ಹಾಕಿದ ಕಡಿವಾಣವಿದು. 1975ರಲ್ಲಿ ಪೆನ್ಸಿಲ್‌ವೇನಿಯಾ ವಿಶ್ವವಿದ್ಯಾಲಯದ ಕಾನೂನು ಪತ್ರಿಕೆಯಲ್ಲಿ ಈ ವಿಧಿ ಹುಟ್ಟಿದ ಬಗೆಯನ್ನು ಕುರಿತೇ ಒಂದು ಪ್ರಸಿದ್ಧ ಪ್ರಬಂಧ ಬಂತು. ಅಟ್ಲಾಂಟದಲ್ಲಿ ಚೆಂಡು ಒಳಮೈದಾನದಿಂದ ಬಹುದೂರ, ಹುಲ್ಲಿನ ಮೇಲೆ ಇಬ್ಬರ ನಡುವೆ ಬಿತ್ತು. ಅಂಪೈರು ವಿಧಿಯನ್ನು ಕೂಗಿಯಾಗಿತ್ತು, ದಾಂಡಿಗ ಔಟಾದ. ಸಿಟ್ಟಿಗೆದ್ದ ಜನ ಬಾಟಲಿಗಳನ್ನೆಸೆದು ಆಟ 19 ನಿಮಿಷ ನಿಂತಿತು. ಅಷ್ಟು ದೂರದಲ್ಲಿ ಓಟಗಾರರನ್ನು ವಂಚಿಸುವ ಭಯವೆಲ್ಲಿತ್ತು ಎಂದು ಕೇಳಬಹುದು. ಆದರೆ ವಿಧಿ ದೂರವನ್ನು ಹೇಳಿಲ್ಲ, ಪ್ರಯತ್ನವನ್ನು ಹೇಳಿದೆ. ಅದು ಸಾಮಾನ್ಯವೋ ಅಲ್ಲವೋ ಎಂಬುದು ಅಂಪೈರನ ವಿವೇಚನೆ. ದೂರು ತಳ್ಳಿಹೋಯಿತು.

ಒಂದೆಡೆ ಆಶಯ ಗೆದ್ದಿತು, ಮತ್ತೊಂದೆಡೆ ಮಾತು ಗೆದ್ದಿತು. ಇದು ಪಕ್ಷಪಾತವೆಂದು ನನಗೆ ತೋರುವುದಿಲ್ಲ. 1983ರಲ್ಲಿ ಕೇಳಿದ್ದು ಎರಡು ವಿಧಿಗಳನ್ನು ಹೇಗೆ ಹೊಂದಿಸಬೇಕೆಂಬ ಪ್ರಶ್ನೆ. ಅದನ್ನು ತಣ್ಣಗೆ ಕುಳಿತು ವಿಚಾರಿಸಬಹುದು. 2012ರಲ್ಲಿ ಕೇಳಿದ್ದು ಒಬ್ಬ ಮನುಷ್ಯನ ಕಣ್ಣಿಗೆ ಒಂದು ಕ್ಷಣದಲ್ಲಿ ಏನು ಕಂಡಿತೆಂಬ ಪ್ರಶ್ನೆ. ಅದನ್ನು ಮೇಲಿನವರು ಕೆದಕತೊಡಗಿದರೆ ಯಾವ ಪಂದ್ಯವೂ ಮುಗಿಯದು. ಆಶಯದ ಹೆಸರಿನಲ್ಲಿ ಮಾತನ್ನು ಮನಬಂದಂತೆ ಬಗ್ಗಿಸಬಹುದಾದರೆ ಬರೆದಿಟ್ಟು ಫಲವೇನು? ಆಗ ನಾವು ಕೇರಿಯ ಹಿರಿಯ ಹುಡುಗನ ತೀರ್ಪಿಗೇ ಹಿಂದಿರುಗಿದಂತಾಗುತ್ತದೆ.

ಅಸ್ಪಷ್ಟತೆ ಬೇರೆ, ಕಾಠಿಣ್ಯ ಬೇರೆ ಎಂಬುದನ್ನೂ ಮರೆಯಬಾರದು. 1996ರಲ್ಲಿ ಅಟ್ಲಾಂಟದ ಒಲಿಂಪಿಕ್ಸಿನಲ್ಲಿ ಸಾಫ್ಟ್‌ಬಾಲ್ ಮೊದಲ ಬಾರಿಗೆ ಸೇರಿದಾಗ ಅಮೆರಿಕದ ಡ್ಯಾನಿ ಟೈಲರ್ ಆಸ್ಟ್ರೇಲಿಯದ ವಿರುದ್ಧ ಚೆಂಡನ್ನು ಮೈದಾನದಾಚೆಗೆ ಹೊಡೆದಳು. ಹರ್ಷದಿಂದ ಓಡಿಬಂದು ಗೆಳತಿಯರ ನಡುವೆ ನುಗ್ಗಿದ ಆಕೆಯ ಕಾಲು ಹೋಂ ಪ್ಲೇಟನ್ನು ಮುಟ್ಟಲಿಲ್ಲ. ಎದುರಾಳಿಗಳು ದೂರಿದರು, ಆಕೆ ಔಟ್. ಹತ್ತು ಸುತ್ತುಗಳ ಆ ಪಂದ್ಯವನ್ನು ಅಮೆರಿಕ 2–1ರಿಂದ ಸೋತಿತು. ಅಲ್ಲಿ ವ್ಯಾಖ್ಯಾನಕ್ಕೆ ಎಡೆಯಿರಲಿಲ್ಲ. ಬೇಸುಗಳನ್ನೆಲ್ಲ ಮುಟ್ಟಬೇಕೆಂಬುದು ಎಲ್ಲರಿಗೂ ತಿಳಿದ ನಿಯಮ. ಅದು ಕಠಿಣವಾಗಿ ಕಂಡಿತೆಂದು ಅಸ್ಪಷ್ಟವಾಗಲಿಲ್ಲ.

ಅದೇ ನಿಯಮ ಹನ್ನೆರಡು ವರ್ಷಗಳ ನಂತರ ಬೇರೊಂದು ರೂಪದಲ್ಲಿ ಕಾಣಿಸಿತು. 2008ರ ಏಪ್ರಿಲ್ 26ರಂದು ವಾಷಿಂಗ್ಟನ್ ರಾಜ್ಯದ ಎಲೆನ್ಸ್‌ಬರ್ಗ್ ಎಂಬಲ್ಲಿ ವೆಸ್ಟರ್ನ್ ಆರಿಗನ್ ಮತ್ತು ಸೆಂಟ್ರಲ್ ವಾಷಿಂಗ್ಟನ್ ವಿದ್ಯಾಲಯಗಳ ತಂಡಗಳು ಆಡುತ್ತಿದ್ದವು. ಆರಿಗನ್ ಕಡೆಯ ಸಾರಾ ಟುಚೋಲ್‌ಸ್ಕಿ ತನ್ನ ಜೀವನದಲ್ಲಿ ಮೊದಲ ಬಾರಿಗೆ ಚೆಂಡನ್ನು ಬೇಲಿಯಾಚೆಗೆ ಹೊಡೆದಳು. ಬೇಸುಗಳಲ್ಲಿ ಇಬ್ಬರಿದ್ದರು; ಮೂರು ಓಟ. ಸಂಭ್ರಮದಲ್ಲಿ ಮೊದಲನೆಯ ಬೇಸನ್ನು ಮುಟ್ಟದೆ ಮುಂದೆ ಹೋದವಳು ಹಿಂದಿರುಗಿ ಹೊರಳಿದಾಗ ಮೊಣಕಾಲಿನ ಸ್ನಾಯುಬಂಧ ಹರಿದು ಕುಸಿದಳು. ತೆವಳಿಕೊಂಡು ಬೇಸನ್ನು ಮುಟ್ಟಿದಳು; ಮುಂದೆ ಹೋಗಲಾಗಲಿಲ್ಲ. ತಂಡದವರು ಆಕೆಯನ್ನು ಮುಟ್ಟಿ ನೆರವಾದರೆ ಆಕೆ ಔಟ್, ಬದಲಿಗೆ ಬೇರೊಬ್ಬಳನ್ನು ಓಡಿಸಿದರೆ ಎರಡೇ ಓಟ ಎಂದು ಅಂಪೈರುಗಳು ಹೇಳಿದರು. ಆಗ ಎದುರು ತಂಡದ ಮ್ಯಾಲರಿ ಹೋಲ್ಟ್‌ಮನ್, ನಾವು ಆಕೆಯನ್ನು ಎತ್ತಿಕೊಂಡು ಹೋಗಬಹುದೆ ಎಂದು ಕೇಳಿದಳು. ಅದನ್ನು ತಡೆಯುವ ಮಾತು ನಿಯಮದಲ್ಲಿರಲಿಲ್ಲ. ಆಕೆಯೂ ಲಿಜ್ ವಾಲೆಸ್ ಎಂಬಾಕೆಯೂ ಸಾರಾಳನ್ನು ಎತ್ತಿಕೊಂಡು, ಪ್ರತಿಯೊಂದು ಬೇಸಿನ ಬಳಿಯೂ ಬಗ್ಗಿ, ಆಕೆಯ ಎಡಗಾಲನ್ನು ಬೇಸಿಗೆ ಮುಟ್ಟಿಸುತ್ತ ಹೋಂ ಪ್ಲೇಟಿಗೆ ತಂದರು. ಆ ಪಂದ್ಯವನ್ನು ಅವರ ತಂಡ 4–2ರಿಂದ ಸೋತಿತು.

ಈ ಕಥೆಯನ್ನು ಹೇಳುವವರು ಒಂದಂಶವನ್ನು ಬಿಟ್ಟುಬಿಡುವುದುಂಟು. ಅಂದು ಅಂಪೈರುಗಳು ಕೊಟ್ಟ ವಿವರಣೆ ಸರಿಯಾಗಿರಲಿಲ್ಲವೆಂದು ಆಮೇಲೆ ತಿಳಿದುಬಂತು. ದಕ್ಕಿದ ಬೇಸಿಗೆ ಗಾಯದ ಕಾರಣ ಹೋಗಲಾಗದಿದ್ದರೆ ಬದಲಿ ಆಟಗಾರ್ತಿ ಉಳಿದ ಬೇಸುಗಳನ್ನು ಮುಟ್ಟಬಹುದೆಂಬ ವಿಧಿ ಕಾಲೇಜು ಆಟದ ನಿಯಮಪುಸ್ತಕದಲ್ಲೇ ಇತ್ತು. ಆ ವಿಧಿಯನ್ನು ಬರೆದವರು ಇಂಥ ದಿನವೊಂದನ್ನು ಮೊದಲೇ ಊಹಿಸಿ ದಾರಿ ತೆರೆದಿಟ್ಟಿದ್ದರು. ಬೇಕಾದ ಹೊತ್ತಿನಲ್ಲಿ ಅದು ಯಾರ ನೆನಪಿಗೂ ಬರಲಿಲ್ಲ. ನಿಯಮವನ್ನು ತಿದ್ದುವವರು, ಬೋಧಿಸುವವರು, ಓದುವವರು ಈ ಪ್ರಸಂಗದ ಎರಡು ಮುಖಗಳನ್ನೂ ನೆನಪಿಡಬೇಕು. ಆ ಇಬ್ಬರು ಹುಡುಗಿಯರ ಔದಾರ್ಯ ದೊಡ್ಡದು, ನಿಜ. ಆದರೆ ಗಾಯಗೊಂಡ ಆಟಗಾರ್ತಿಗೆ ನ್ಯಾಯವಾಗಿ ಸಲ್ಲಬೇಕಾದದ್ದು ಎದುರಾಳಿಗಳ ಔದಾರ್ಯವನ್ನು ಕಾದು ಕೂರುವಂತಾಗಬಾರದು. ಮಾತನ್ನು ಸ್ಪಷ್ಟವಾಗಿ ಬರೆಯುವುದು, ಬರೆದದ್ದನ್ನು ಪೂರ್ತಿ ಓದುವುದು, ಓದಿದ ಮೇಲೂ ಸಂದೇಹ ಉಳಿದರೆ ಅದು ಏಕೆ ಹುಟ್ಟಿತೆಂದು ವಿಚಾರಿಸುವುದು—ಇಷ್ಟನ್ನು ಆಡಿಸುವವರು ಆಡುವವರಿಗೆ ಸಲ್ಲಿಸಬೇಕಾದ ಋಣವೆಂದು ನಾನು ತಿಳಿದಿದ್ದೇನೆ.